ಸರ್ಕಾರಿ ಸೇವಾ ಕಚೇರಿಗೆ ಗುಣಮಟ್ಟದ ಪ್ರಮಾಣಪತ್ರ: ಬೆಂಗಳೂರಿನ ನೀರು ಸರಬರಾಜು ಉಪವಿಭಾಗವೊಂದರ ಉದಾಹರಣೆಯೊಡನೆ ಸಮಗ್ರ ಮಾರ್ಗದರ್ಶಿ

ಗುಣಮಟ್ಟದ ಪ್ರಮಾಣಪತ್ರ ಪಡೆಯಬೇಕೆಂಬ ಸೂಚನೆ ಮೇಲಿನಿಂದ ಬಂದ ಕೂಡಲೇ ಬಹುತೇಕ ಕಚೇರಿಗಳಲ್ಲಿ ಮೊದಲು ಆಗುವ ಕೆಲಸ ಸುಣ್ಣಬಣ್ಣ. ಮೇಜಿನ ಮೇಲಿದ್ದ ಕಡತಗಳು ಬೀರುವಿಗೆ ಸೇರುತ್ತವೆ, ಬಾಗಿಲ ಬಳಿ ಹೂಕುಂಡಗಳು ಬರುತ್ತವೆ, ಗೋಡೆಗೆ ಹೊಸ ಫಲಕವೊಂದು ಏರುತ್ತದೆ. ಇವು ಯಾವುವೂ ತಪ್ಪಲ್ಲ. ಆದರೆ ಆಡಿಟ್‌ಗೆ ಬರುವವರು ಕೇಳುವ ಮೊದಲ ಪ್ರಶ್ನೆಗೆ ಇವುಗಳಲ್ಲಿ ಉತ್ತರವಿರುವುದಿಲ್ಲ. ಅವರು ಕಳೆದ ತಿಂಗಳು ಬಂದ ಅರ್ಜಿಗಳ ಪೈಕಿ ಯಾವುದಾದರೂ ಒಂದನ್ನು ತೆಗೆಸಿ, ಅದು ಯಾವ ಮೇಜಿನಲ್ಲಿ ಎಷ್ಟು ದಿನ ಇತ್ತು, ಏಕೆ ಇತ್ತು, ತಡವಾಗಿದ್ದರೆ ಅದು ಯಾರ ಗಮನಕ್ಕೆ ಬಂತು ಎಂದು ಕೇಳುತ್ತಾರೆ. ಪ್ರಮಾಣಪತ್ರದ ಇಡೀ ವ್ಯವಹಾರ ಈ ನಾಲ್ಕು ಮಾತುಗಳ ಸುತ್ತ ನಡೆಯುತ್ತದೆ.

ಈ ಮಾರ್ಗದರ್ಶಿಯನ್ನು ಅಂಥ ಹೊಣೆ ಹೊತ್ತ ಅಧಿಕಾರಿ ಮತ್ತು ಸಿಬ್ಬಂದಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದೆ. ವಿವರಣೆ ಗಾಳಿಯಲ್ಲಿ ತೇಲಬಾರದೆಂಬ ಕಾರಣಕ್ಕೆ ಬೆಂಗಳೂರಿನ ಹಳೆಯ ಬಡಾವಣೆಯೊಂದರ ನೀರು ಸರಬರಾಜು ಉಪವಿಭಾಗವನ್ನು ಉದಾಹರಣೆಯಾಗಿ ಕಲ್ಪಿಸಿಕೊಂಡಿದ್ದೇನೆ. ಖಾತೆ, ಜನನ–ಮರಣ ನೋಂದಣಿ, ವ್ಯಾಪಾರ ಪರವಾನಗಿ ಮೊದಲಾದ ಸೇವೆಗಳ ಕಚೇರಿಗಳಿಗೂ ಕ್ರಮ ಇದೇ. ಬದಲಾಗುವುದು ಕಡತದ ಹೆಸರು ಮಾತ್ರ.

ಹೆಜ್ಜೆ 1: ಯಾವ ಮಾನಕ ಎಂಬುದನ್ನು ಮೊದಲು ನಿರ್ಧರಿಸಿ

"ಐಎಸ್‌ಒ ತೆಗೆದುಕೊಳ್ಳೋಣ" ಎಂದು ಸಭೆಯಲ್ಲಿ ಒಬ್ಬರು ಹೇಳುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ಐಎಸ್‌ಒ ಎಂಬುದು ಮಾನಕಗಳನ್ನು (ಕೆಲಸ ಅಥವಾ ವಸ್ತು ಹೇಗಿರಬೇಕೆಂದು ಹೇಳುವ ಸ್ಟ್ಯಾಂಡರ್ಡ್‌ಗಳನ್ನು) ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆ. ಅದು ತಾನಾಗಿ ಯಾರಿಗೂ ಪ್ರಮಾಣಪತ್ರ ಕೊಡುವುದಿಲ್ಲ, ಕೊಡುವವರು ಬೇರೆ ಪ್ರಮಾಣೀಕರಣ ಸಂಸ್ಥೆಗಳು. ಆದ್ದರಿಂದ ಯಾವ ಮಾನಕ, ಯಾರಿಂದ ಎಂಬ ಎರಡು ಪ್ರಶ್ನೆಗಳಿಗೂ ಉತ್ತರ ಬೇಕು.

ನಗರ ಸೇವೆಗೆ ಸಂಬಂಧಿಸಿದಂತೆ ಏಳೆಂಟು ಹೆಸರುಗಳು ಒಂದರೊಡನೊಂದು ಬೆರೆತು ಕಿವಿಗೆ ಬೀಳುತ್ತವೆ. ಐಎಸ್‌ಒ 9001:2015 ಯಾವುದೇ ಸಂಸ್ಥೆಯ ಗುಣಮಟ್ಟ ನಿರ್ವಹಣಾ ವ್ಯವಸ್ಥೆಗೆ ಅನ್ವಯಿಸುವ ಸಾಮಾನ್ಯ ಮಾನಕ. ಕಾರ್ಖಾನೆಗೂ ಕಚೇರಿಗೂ ಅದು ಒಂದೇ. ಐಎಸ್ 15700 ಭಾರತೀಯ ಮಾನಕ ಬ್ಯೂರೋ ಸಾರ್ವಜನಿಕ ಸೇವಾ ಸಂಸ್ಥೆಗಳಿಗೆಂದೇ 2005ರಲ್ಲಿ ಹೊರತಂದು, 2018ರಲ್ಲಿ ಪರಿಷ್ಕರಿಸಿದ ಮಾನಕ. ಕೇಂದ್ರದ ಆಡಳಿತ ಸುಧಾರಣಾ ಇಲಾಖೆಯ "ಸೇವೋತ್ತಮ" ಮಾದರಿಯೊಂದಿಗೆ ಬೆಳೆದ ಇದು ನಾಗರಿಕ ಸನ್ನದು (ಯಾವ ಸೇವೆ ಎಷ್ಟು ದಿನದಲ್ಲಿ ಸಿಗುತ್ತದೆಂದು ಕಚೇರಿ ಜನರಿಗೆ ಬರೆದುಕೊಡುವ ಮಾತು), ಕುಂದುಕೊರತೆ ನಿವಾರಣೆ ಮತ್ತು ಸೇವೆ ತಲುಪಿಸುವ ಸಾಮರ್ಥ್ಯ ಎಂಬ ಮೂರು ಕಂಬಗಳ ಮೇಲೆ ನಿಂತಿದೆ. ಐಎಸ್ 17482:2020 ಕೊಳವೆ ಮೂಲಕ ಕುಡಿಯುವ ನೀರು ಒದಗಿಸುವ ಸೇವೆಯ ನಿರ್ವಹಣೆಗೆ ಸಂಬಂಧಿಸಿದ್ದು. ಐಎಸ್ 10500:2012 ಇವುಗಳ ಸಾಲಿಗೆ ಸೇರುವುದಿಲ್ಲ, ಏಕೆಂದರೆ ಅದು ಕುಡಿಯುವ ನೀರು ಹೇಗಿರಬೇಕೆಂದು ಹೇಳುತ್ತದೆಯೇ ಹೊರತು ಕಚೇರಿ ಹೇಗೆ ನಡೆಯಬೇಕೆಂದು ಹೇಳುವುದಿಲ್ಲ.

ಇನ್ನು ಐಎಸ್‌ಒ 37120 ಇಡೀ ನಗರದ ಸೇವೆಗಳನ್ನು ಮತ್ತು ಜೀವನಮಟ್ಟವನ್ನು ಅಳೆಯುವ ಸೂಚಕಗಳ ಪಟ್ಟಿ, ಅದು ಒಂದು ಉಪವಿಭಾಗದ ಕೆಲಸವಲ್ಲ. ಸ್ಥಳೀಯ ಸರ್ಕಾರಗಳು 9001ಅನ್ನು ಅಳವಡಿಸಿಕೊಳ್ಳುವುದಕ್ಕೆ ನೆರವಾಗುವ ಐಎಸ್‌ಒ 18091 ಕೇವಲ ಮಾರ್ಗಸೂಚಿ. ಕೇಂದ್ರ ನಗರಾಭಿವೃದ್ಧಿ ಸಚಿವಾಲಯ 2008ರಲ್ಲಿ ಪ್ರಕಟಿಸಿದ ಸೇವಾ ಮಟ್ಟದ ಮಾನದಂಡಗಳು (ತಲಾ ದಿನಕ್ಕೆ 135 ಲೀಟರ್, 24 ಗಂಟೆ ಸರಬರಾಜು ಇತ್ಯಾದಿ) ಗುರಿಗಳೇ ಹೊರತು ಪ್ರಮಾಣಪತ್ರಗಳಲ್ಲ. ಕೇಂದ್ರದ ಸ್ವಚ್ಛತಾ ಸಮೀಕ್ಷೆಯಾದ ಸ್ವಚ್ಛ ಸರ್ವೇಕ್ಷಣೆಯ ಅಂಕಗಳು ನಗರಗಳ ನಡುವಿನ ಸ್ಪರ್ಧೆಗೆ ಸೇರಿದವು.

ನನ್ನ ಸಲಹೆ ಹೀಗಿದೆ: ಜನ ಕೌಂಟರಿಗೆ ಬರುವ ಯಾವುದೇ ಕಚೇರಿ ಐಎಸ್ 15700ರಿಂದ ಆರಂಭಿಸುವುದು ಒಳ್ಳೆಯದು. 9001ರಲ್ಲಿ "ಗ್ರಾಹಕ" ಎಂದಿರುವ ಕಡೆಯಲ್ಲೆಲ್ಲ ನಾಗರಿಕನನ್ನು ತಂದು ಕೂರಿಸುವ ಕಸರತ್ತು ಇಲ್ಲಿ ತಪ್ಪುತ್ತದೆ. ಕಚೇರಿಯನ್ನು ಬಿಟ್ಟು ಬೇರೆ ಕಡೆ ಹೋಗಲು ಗ್ರಾಹಕನಿಗೆ ದಾರಿಯಿದೆ, ನೀರಿನ ಸಂಪರ್ಕ ಬೇಕಾದ ನಾಗರಿಕನಿಗೆ ಇಲ್ಲ. ಆ ವ್ಯತ್ಯಾಸವನ್ನು ಗುರುತಿಸಿ ಬರೆದ ಮಾನಕ ಎಂಬುದೇ ಇದರ ಹೆಚ್ಚುಗಾರಿಕೆ.

ಹೆಜ್ಜೆ 2: ಎಲ್ಲೆ ಗುರುತಿಸಿ

ಪ್ರಮಾಣಪತ್ರದಲ್ಲಿ "ವ್ಯಾಪ್ತಿ" ಎಂಬ ಸಾಲೊಂದು ಇರುತ್ತದೆ. ಅತ್ಯಂತ ಕಡಿಮೆ ಚರ್ಚೆಯಾಗುವ, ಆದರೆ ಅತ್ಯಂತ ಹೆಚ್ಚು ತೊಂದರೆ ಕೊಡುವ ಸಾಲು ಅದು. ಬೆಂಗಳೂರಿಗೆ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಣಗೊಂಡು, ಹಾರೋಹಳ್ಳಿ ಮತ್ತು ತಾತಗುಣಿಯಲ್ಲಿ ಮತ್ತೆ ಪಂಪ್ ಆಗಿ, ಮೇಲೇರಿ ಬರುತ್ತದೆ. ನಮ್ಮ ಉದಾಹರಣೆಯ ಉಪವಿಭಾಗದ ಕೈಗೆ ಅದು ಸಿಗುವುದು ಬಡಾವಣೆಯ ನೆಲಮಟ್ಟದ ಜಲಸಂಗ್ರಹಾಗಾರದಿಂದ ಹೊರಗೆ ಹರಿದ ಮೇಲೆ. ಆದ್ದರಿಂದ ವ್ಯಾಪ್ತಿಯನ್ನು "ಜಲಸಂಗ್ರಹಾಗಾರದ ಹೊರಹರಿವಿನಿಂದ ಮನೆಯ ಮೀಟರಿನವರೆಗೆ ನೀರಿನ ವಿತರಣೆ, ಹೊಸ ಸಂಪರ್ಕ, ಬಿಲ್ಲು ಮತ್ತು ದೂರುಗಳ ನಿರ್ವಹಣೆ" ಎಂದು ಬರೆಯುವುದು ಪ್ರಾಮಾಣಿಕ. ಒಳಬರುವ ನೀರನ್ನು ಹೊರಗಿನಿಂದ ಪಡೆದ ಸರಕೆಂದು ಭಾವಿಸಿ, ಬಂದ ಪ್ರಮಾಣ ಮತ್ತು ಕ್ಲೋರಿನ್ ಮಟ್ಟವನ್ನು ದಿನವೂ ದಾಖಲಿಸಿದರೆ ಸಾಕು.

ಆದರೆ ಕಷ್ಟದ ಸೇವೆಯನ್ನು ಹೊರಗಿಟ್ಟು ಸುಲಭದ್ದನ್ನಷ್ಟೇ ಒಳಗೆ ಸೇರಿಸುವ ಜಾಣತನ ಬೇಡ. ಒಳಚರಂಡಿ ದೂರುಗಳನ್ನು ಬಿಟ್ಟು ಬಿಲ್ಲು ಪಾವತಿಯ ಕೌಂಟರಿಗೆ ಮಾತ್ರ ಪ್ರಮಾಣಪತ್ರ ಪಡೆದು, ಹೊರಗಿನ ಫಲಕದಲ್ಲಿ ಇಡೀ ಕಚೇರಿಯ ಹೆಸರು ಬರೆಸುವುದು ನಿಯಮಕ್ಕೂ ವಿರುದ್ಧ, ಮರ್ಯಾದೆಗೂ ವಿರುದ್ಧ.

ಇಲ್ಲಿ ಬೆಂಗಳೂರಿಗೇ ಸೇರಿದ ಒಂದು ಎಚ್ಚರಿಕೆಯಿದೆ. 2025ರ ಸೆಪ್ಟೆಂಬರಿನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ ಮತ್ತು ದಕ್ಷಿಣ ಎಂಬ ಐದು ನಗರ ಪಾಲಿಕೆಗಳು ಬಂದವು. ಪ್ರಮಾಣಪತ್ರ ಕಾನೂನುಬದ್ಧ ಸಂಸ್ಥೆಯ ಹೆಸರಿನಲ್ಲಿ, ನಿರ್ದಿಷ್ಟ ವಿಳಾಸಕ್ಕೆ ಇರುತ್ತದೆ. ಹಳೆಯ ಪಾಲಿಕೆಯ ಹೆಸರಿನಲ್ಲಿದ್ದ ಪತ್ರವನ್ನು ಹೊಸ ಪಾಲಿಕೆಯ ಕಚೇರಿ ಹಾಗೆಯೇ ಬಳಸುವಂತಿಲ್ಲ. ಹೆಸರು, ವಿಳಾಸ, ವ್ಯಾಪ್ತಿ ಬದಲಾದರೆ ಪ್ರಮಾಣೀಕರಣ ಸಂಸ್ಥೆಗೆ ತಿಳಿಸಿ ತಿದ್ದುಪಡಿ ಪಡೆಯಬೇಕು.

ಹೆಜ್ಜೆ 3: ಒಂದು ಅರ್ಜಿಯ ಬೆನ್ನು ಹತ್ತಿ

ಈಗ ನಡೆಯುತ್ತಿರುವುದಕ್ಕೂ ಮಾನಕ ಕೇಳುವುದಕ್ಕೂ ನಡುವಿನ ಅಂತರವನ್ನು ಗುರುತಿಸುವುದನ್ನು ಸಲಹೆಗಾರರು ಅಂತರ ವಿಶ್ಲೇಷಣೆ ಎಂದು ಕರೆದು ದೊಡ್ಡ ಕೋಷ್ಟಕ ತರುತ್ತಾರೆ. ಕೋಷ್ಟಕ ಆಮೇಲೆ ತುಂಬಿಸಬಹುದು. ಮೊದಲು ಮಾಡಬೇಕಾದುದು ಹೊಸ ನೀರಿನ ಸಂಪರ್ಕದ ಒಂದು ಅರ್ಜಿಯನ್ನು ಹಿಡಿದು, ಅದು ಸ್ವೀಕೃತವಾದ ಕ್ಷಣದಿಂದ ನಲ್ಲಿಯಲ್ಲಿ ನೀರು ಬರುವ ಕ್ಷಣದವರೆಗೆ ಹಿಂಬಾಲಿಸುವುದು. ಟಪಾಲು ಶಾಖೆ, ವಿಷಯ ನಿರ್ವಾಹಕರು, ಸ್ಥಳ ತನಿಖೆ, ಅಂದಾಜು, ಬೇಡಿಕೆ ಪತ್ರ, ಹಣ ಪಾವತಿ, ರಸ್ತೆ ಅಗೆತದ ಅನುಮತಿ, ಪ್ಲಂಬರ್, ಮೀಟರ್ ಅಳವಡಿಕೆ, ಮೊದಲ ಬಿಲ್ಲು ಎಂಬ ಪ್ರತಿ ನಿಲ್ದಾಣದಲ್ಲೂ ಕಡತ ಬಂದ ದಿನ, ಹೋದ ದಿನ, ಎರಡನ್ನೂ ಬರೆದುಕೊಳ್ಳಿ.

ಹೀಗೆ ಇಪ್ಪತ್ತೋ ಮೂವತ್ತೋ ಕಡತಗಳನ್ನು ಮಾಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಕಡತದ ಮೇಲೆ ನಿಜವಾಗಿ ಕೆಲಸ ನಡೆದ ಸಮಯ ಕೆಲವೇ ಗಂಟೆಗಳು, ಉಳಿದ ದಿನಗಳೆಲ್ಲ ಕಾಯುವಿಕೆ. ಆ ಕಾಯುವಿಕೆಯ ದೊಡ್ಡ ಪಾಲು ಇಬ್ಬರ ಕೈಬದಲಾವಣೆಯ ನಡುವೆ ಇರುತ್ತದೆಯೇ ಹೊರತು ಯಾವುದೇ ಒಬ್ಬರ ಸೋಮಾರಿತನದಲ್ಲಿ ಅಲ್ಲ. ಬೆಂಗಳೂರಿನಲ್ಲಿ ಈ ಕೈಬದಲಾವಣೆಗಳ ಪೈಕಿ ಹೆಚ್ಚು ನೋವು ಕೊಡುವುದು ರಸ್ತೆ ಅಗೆತದ ಅನುಮತಿ. ನೀರು ಒದಗಿಸುವುದು ಜಲಮಂಡಳಿ, ರಸ್ತೆ ಪಾಲಿಕೆಯದು. ಹೊಸದಾಗಿ ಡಾಂಬರು ಹಾಕಿದ ರಸ್ತೆಯನ್ನು ಮರುದಿನವೇ ಅಗೆದ ದೃಶ್ಯ ನಮ್ಮ ಊರಿನಲ್ಲಿ ಯಾರಿಗೂ ಅಪರಿಚಿತವಲ್ಲ. ಮಾನಕ ಈ ಸಮಸ್ಯೆಯನ್ನು ತಾನೇ ಬಗೆಹರಿಸುವುದಿಲ್ಲ. ಆದರೆ ಇನ್ನೊಂದು ಸಂಸ್ಥೆಯನ್ನು ಅವಲಂಬಿಸಿದ ಹಂತ ಯಾವುದು, ಅದಕ್ಕೆ ಯಾರು ಪತ್ರ ಬರೆಯಬೇಕು, ಎಷ್ಟು ದಿನಕ್ಕೆ ನೆನಪೋಲೆ ಹೋಗಬೇಕು, ಆಮೇಲೂ ಬಾರದಿದ್ದರೆ ಯಾವ ಮಟ್ಟದ ಅಧಿಕಾರಿ ಮಾತನಾಡಬೇಕು ಎಂಬುದನ್ನು ಬರೆದಿಡುವಂತೆ ಅದು ಒತ್ತಾಯಿಸುತ್ತದೆ.

ನಾನೊಮ್ಮೆ ಇಂಥದೇ ಕೆಲಸಕ್ಕೆ ಹೋಗಿದ್ದ ಕಚೇರಿಯೊಂದರಲ್ಲಿ ಕಡತಗಳೆಲ್ಲ ಒಂದೇ ಮೇಜಿನಲ್ಲಿ ಸರಾಸರಿ ಒಂದು ವಾರ ನಿಲ್ಲುತ್ತಿದ್ದವು. ಆ ಮೇಜಿನವರು ತಪ್ಪಿತಸ್ಥರೆಂದು ಎಲ್ಲರೂ ನಂಬಿದ್ದರು. ವಿಚಾರಿಸಿದಾಗ ತಿಳಿದದ್ದು ಇಷ್ಟೇ: ಅಂದಾಜಿಗೆ ಸಹಿ ಹಾಕಬೇಕಾದ ಎಂಜಿನಿಯರಿಗೆ ಕಡತಗಳನ್ನು ಕಟ್ಟಿ ಕಳುಹಿಸುವ ಪದ್ಧತಿ ವಾರಕ್ಕೊಮ್ಮೆ ಮಾತ್ರ ಇತ್ತು. ಅದನ್ನು ದಿನಕ್ಕೊಮ್ಮೆ ಮಾಡಲು ಒಂದು ಪೈಸೆಯೂ ಖರ್ಚಾಗಲಿಲ್ಲ.

ಹೆಜ್ಜೆ 4: ನಾಗರಿಕ ಸನ್ನದನ್ನು ಅಳತೆಯಿಂದ ಬರೆಯಿರಿ

ನಾಗರಿಕ ಸನ್ನದಿನ ಮಾತು ನಮ್ಮಲ್ಲಿ 1997ರ ಮುಖ್ಯಮಂತ್ರಿಗಳ ಸಮ್ಮೇಳನದ ಕಾಲದಿಂದ ಇದೆ. ಹೆಚ್ಚಿನ ಸನ್ನದುಗಳು ಸೋತದ್ದು ಒಂದು ಕಾರಣಕ್ಕೆ: ಅವುಗಳಲ್ಲಿದ್ದ ದಿನಗಳ ಲೆಕ್ಕವನ್ನು ಯಾರೋ ಒಳ್ಳೆಯ ಮನಸ್ಸಿನಿಂದ ಊಹಿಸಿ ಬರೆದಿದ್ದರು.

ಅಳೆದು ಬರೆಯುವ ಕ್ರಮ ಸರಳವಾಗಿದೆ. ಇತ್ತೀಚೆಗೆ ಮುಗಿದ 100 ಕಡತಗಳನ್ನು ತೆಗೆದುಕೊಂಡು, ಪ್ರತಿಯೊಂದಕ್ಕೂ ಎಷ್ಟು ದಿನ ಹಿಡಿಯಿತೆಂದು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಬರೆಯಿರಿ. 50ನೆಯ ಕಡತ 9 ದಿನಕ್ಕೆ ಮುಗಿದಿದೆ, 90ನೆಯದು 24 ದಿನಕ್ಕೆ ಮುಗಿದಿದೆ ಎಂದುಕೊಳ್ಳೋಣ. ಸರಾಸರಿ ನೋಡಿ "12 ದಿನ" ಎಂದು ಫಲಕ ಬರೆಸಿದರೆ ಅರ್ಜಿದಾರರಲ್ಲಿ ಗಣನೀಯ ಭಾಗಕ್ಕೆ ಮೊದಲ ದಿನವೇ ಸುಳ್ಳು ಹೇಳಿದಂತಾಗುತ್ತದೆ. ಇಂದಿನ ಸ್ಥಿತಿಯಲ್ಲಿ ಕೊಡಬಹುದಾದ ಮಾತು ನೂರರಲ್ಲಿ ತೊಂಬತ್ತು ಕಡತಗಳು ಮುಗಿಯುವ 24 ದಿನ. ಅದನ್ನು ಬರೆದು, ಆರು ತಿಂಗಳಲ್ಲಿ 18ಕ್ಕೆ ಇಳಿಸುವುದನ್ನು ಗುಣಮಟ್ಟದ ಗುರಿಯಾಗಿ ಇಟ್ಟುಕೊಳ್ಳಿ.

ನಿಮ್ಮ ಸೇವೆ "ಸಕಾಲ"ದ (ಸರ್ಕಾರಿ ಸೇವೆಗಳಿಗೆ ಕಾಲಮಿತಿ ಹಾಕುವ ರಾಜ್ಯದ ಕಾನೂನಿನ) ಅನುಸೂಚಿಯಲ್ಲಿದ್ದರೆ ಅಲ್ಲಿರುವ ಗಡುವು ಮೀರಲಾಗದ ಗೆರೆ. ಕರ್ನಾಟಕದಲ್ಲಿ 2012ರ ಏಪ್ರಿಲ್ 2ರಿಂದ ರಾಜ್ಯದಾದ್ಯಂತ ಜಾರಿಯಲ್ಲಿರುವ ಈ ವ್ಯವಸ್ಥೆಯಲ್ಲಿ ಪ್ರತಿ ಅರ್ಜಿಗೆ 15 ಅಂಕಿಗಳ ಸಂಖ್ಯೆ ಸಿಗುತ್ತದೆ. ತಡವಾದರೆ ಅರ್ಜಿದಾರರು ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಐಎಸ್ 15700ಕ್ಕೆ ಸಿದ್ಧರಾಗುತ್ತಿರುವ ಕಚೇರಿಗೆ ಇದು ಹೊರೆಯಾಗುವುದರ ಬದಲು ವರವಾಗುತ್ತದೆ, ಏಕೆಂದರೆ ಬೇರೆ ರಾಜ್ಯಗಳ ಕಚೇರಿಗಳು ಹೊಸದಾಗಿ ಕಟ್ಟಬೇಕಾದ ದಿನಾಂಕವಾರು ದಾಖಲೆ ಇಲ್ಲಿ ಆಗಲೇ ಕಂಪ್ಯೂಟರಿನಲ್ಲಿದೆ. ಒಂದು ಕಳ್ಳದಾರಿಯನ್ನು ಮಾತ್ರ ಈಗಲೇ ಮುಚ್ಚಿ: ಗಡುವಿನ ಹಿಂದಿನ ದಿನ "ದಾಖಲೆ ಕೊರತೆ" ಎಂದು ಬರೆದು ಅರ್ಜಿಯನ್ನು ತಿರಸ್ಕರಿಸಿ, ಲೆಕ್ಕದಲ್ಲಿ ಸಕಾಲಕ್ಕೆ ವಿಲೇವಾರಿ ಎಂದು ತೋರಿಸುವುದು. ಒಳ್ಳೆಯ ಆಡಿಟರ್ ತಿರಸ್ಕೃತ ಅರ್ಜಿಗಳ ದಿನಾಂಕಗಳನ್ನು ಮೊದಲು ನೋಡುತ್ತಾರೆ. ಕೊರತೆ ಇದ್ದರೆ ಅದನ್ನು ಸ್ವೀಕೃತಿಯ ದಿನವೇ ಹೇಳಬೇಕು ಎಂಬುದು ಸನ್ನದಿನಲ್ಲೇ ಇರಲಿ.

ಸನ್ನದಿನಲ್ಲಿ ಶುಲ್ಕ, ಬೇಕಾದ ದಾಖಲೆ, ಹೊಣೆ ಹೊತ್ತ ಅಧಿಕಾರಿಯ ಪದನಾಮ, ಮೇಲ್ಮನವಿಯ ದಾರಿ ಇರಬೇಕು. ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಅಡಿ ಪ್ರಕಟಿಸಿರುವ ಮಾಹಿತಿಗೂ ಸನ್ನದಿಗೂ ತಾಳೆಯಿರಲಿ.

ಹೆಜ್ಜೆ 5: ಕೆಲಸದ ವಿಧಾನವನ್ನು ಮಾಡುವವರ ಭಾಷೆಯಲ್ಲಿ ಬರೆದಿಡಿ

2015ರ ಆವೃತ್ತಿಯ ಐಎಸ್‌ಒ 9001 ಗುಣಮಟ್ಟ ಕೈಪಿಡಿ ಎಂಬ ದಪ್ಪ ಪುಸ್ತಕವನ್ನು ಕಡ್ಡಾಯವಾಗಿ ಕೇಳುವುದಿಲ್ಲ. ಆದರೂ ಬೇರೆ ಸಂಸ್ಥೆಯ ಕೈಪಿಡಿಯಲ್ಲಿ ಹೆಸರು ಬದಲಾಯಿಸಿ, ಇನ್ನೂರು ಪುಟ ಇಂಗ್ಲಿಷಿನಲ್ಲಿ ಮುದ್ರಿಸಿ ಕೊಡುವ ಸಲಹೆಗಾರರಿಗೆ ನಗರದಲ್ಲಿ ಕೊರತೆಯಿಲ್ಲ. ಅದು ಬೀರುವಿನ ಶೋಭೆ ಹೆಚ್ಚಿಸುತ್ತದೆ. ದಾಖಲೆಯ ರೂಪ ಮತ್ತು ಭಾಷೆ ಬಳಸುವವರಿಗೆ ತಕ್ಕುದಾಗಿರಬೇಕೆಂದು ಮಾನಕವೇ ಹೇಳುವುದರಿಂದ, ವಿಧಾನಗಳನ್ನು ಕನ್ನಡದಲ್ಲಿ, ಒಂದೆರಡು ಪುಟಗಳಲ್ಲಿ, ಸಾಧ್ಯವಾದರೆ ಚಿತ್ರದೊಡನೆ ಬರೆಯುವುದಕ್ಕೆ ಯಾರ ಅನುಮತಿಯೂ ಬೇಕಿಲ್ಲ.

ಬರೆಯಬೇಕಾದ ಎಲ್ಲದರಲ್ಲಿ ಅತ್ಯಂತ ಮುಖ್ಯವಾದದ್ದು ಯಾವ ಕಡತದಲ್ಲೂ ಇರುವುದಿಲ್ಲ, ಅದು ವಾಲ್ವ್‌ಮನ್ ತಲೆಯಲ್ಲಿರುತ್ತದೆ. ಯಾವ ಅಡ್ಡರಸ್ತೆಯ ವಾಲ್ವನ್ನು ಎಷ್ಟು ಸುತ್ತು ತಿರುಗಿಸಿದರೆ ತುದಿಯ ಮನೆಗೆ ನೀರು ಮುಟ್ಟುತ್ತದೆ, ಯಾವುದನ್ನು ಪೂರ್ತಿ ತೆರೆದರೆ ತಗ್ಗಿನ ಬೀದಿಯವರ ಸಂಪು ಮಾತ್ರ ತುಂಬಿ ದಿಬ್ಬದ ಮೇಲಿನವರಿಗೆ ಗಾಳಿ ಬರುತ್ತದೆ, ಡಾಂಬರಿನ ಕೆಳಗೆ ಹೂತುಹೋದ ವಾಲ್ವ್ ಎಲ್ಲಿದೆ ಎಂಬುದು ಅವರಿಗೆ ಗೊತ್ತು. ಕೆರೆ ನೀರಿನ ಕಾಲದಲ್ಲಿ ಹೊಲಗಳಿಗೆ ನೀರು ಹಂಚುತ್ತಿದ್ದ ನೀರುಗಂಟಿಯ ಜ್ಞಾನದಂತೆಯೇ ಇದೂ ಬಾಯಿಂದ ಬಾಯಿಗೆ ಬಂದದ್ದು. ಅವರು ನಿವೃತ್ತರಾದ ಮರುದಿನ ದೂರುಗಳು ಏಕೆ ಏರುತ್ತವೆ ಎಂಬುದು ಮೇಲಿನವರಿಗೆ ಅರ್ಥವಾಗುವುದಿಲ್ಲ. ಐಎಸ್‌ಒ 9001 "ಸಾಂಸ್ಥಿಕ ಜ್ಞಾನ"ವನ್ನು ಕಾಪಾಡಿಕೊಳ್ಳಬೇಕೆಂದು ಕೇಳುವಾಗ ಕೇಳುತ್ತಿರುವುದು ಇದನ್ನೇ.

ಆದ್ದರಿಂದ ಕಿರಿಯ ಎಂಜಿನಿಯರೊಬ್ಬರು ಎರಡು ವಾರ ವಾಲ್ವ್‌ಮನ್ ಜೊತೆ ಬೆಳಗಿನ ಪಾಳಿಯಲ್ಲಿ ನಡೆಯಲಿ. ಪ್ರತಿ ವಾಲ್ವಿಗೆ ಸಂಖ್ಯೆ, ಜಾಗದ ಗುರುತು, ತಿರುಗಿಸುವ ಸುತ್ತು, ತೆರೆಯುವ–ಮುಚ್ಚುವ ಸಮಯ, ಅದರಿಂದ ನೀರು ಪಡೆಯುವ ಬೀದಿಗಳು, ಇಷ್ಟು ಒಂದು ನಕ್ಷೆಯಲ್ಲಿ ಬರಲಿ. ಬರೆದ ನಕ್ಷೆಯನ್ನು ಹಿಡಿದು ಇನ್ನೊಬ್ಬ ವಾಲ್ವ್‌ಮನ್ ಒಂದು ದಿನ ನೀರು ಬಿಟ್ಟು ನೋಡಲಿ. ದೂರು ಬಾರದಿದ್ದರೆ ನಕ್ಷೆ ಸರಿಯಾಗಿದೆ. ಆ ನಕ್ಷೆಯ ಕೆಳಗೆ ಮೊದಲಿನ ವಾಲ್ವ್‌ಮನ್ ಹೆಸರನ್ನೂ ಬರೆಯಿರಿ.

ಹೆಜ್ಜೆ 6: ದೂರುಗಳ ಲೆಕ್ಕ ಏರಲು ಬಿಡಿ

ದೂರು ಕಡಿಮೆಯಿದ್ದರೆ ಸೇವೆ ಚೆನ್ನಾಗಿದೆ ಎಂಬ ಭ್ರಮೆಯನ್ನು ಮೊದಲು ಬಿಡಬೇಕು. ಸಿದ್ಧತೆಯ ಮೊದಲ ಮೂರು ತಿಂಗಳಲ್ಲಿ ದಾಖಲಾದ ದೂರುಗಳ ಸಂಖ್ಯೆ ಏರಲೇಬೇಕು, ಏರದಿದ್ದರೆ ಎಲ್ಲೋ ಅವು ಬಾಯಿಮಾತಿನಲ್ಲೇ ಮುಗಿದುಹೋಗುತ್ತಿವೆ ಎಂದರ್ಥ. ಜಲಮಂಡಳಿಯ 1916 ಸಹಾಯವಾಣಿಗೆ ಬಂದ ಕರೆ, ಕೌಂಟರಿನಲ್ಲಿ ಅಜ್ಜಿಯೊಬ್ಬರು ಹೇಳಿ ಹೋದ ಮಾತು, ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಬಂದ ಚಿತ್ರ, ನೀರಿನ ಅದಾಲತ್ತಿನಲ್ಲಿ ಕೊಟ್ಟ ಮನವಿ, ಎಲ್ಲವೂ ಒಂದೇ ವಹಿಯಲ್ಲಿ, ಒಂದೇ ಸಂಖ್ಯಾ ಸರಣಿಯಲ್ಲಿ ಬರಬೇಕು.

ಬಳಿಕ ವರ್ಗೀಕರಣ. ನೀರು ಬಂದಿಲ್ಲ, ಬಿಲ್ಲು ಹೆಚ್ಚಾಗಿದೆ, ಆಳುಗುಂಡಿ ಉಕ್ಕುತ್ತಿದೆ, ನೀರಿನಲ್ಲಿ ವಾಸನೆ ಇದೆ ಎಂಬ ದೂರುಗಳಿಗೆ ಒಂದೇ ಗಡುವು ಇರಲಾಗದು. ಕೊನೆಯದು ಎಲ್ಲಕ್ಕಿಂತ ತುರ್ತು. ನಮ್ಮ ಹಳೆಯ ಬಡಾವಣೆಗಳಲ್ಲಿ ನೀರಿನ ಕೊಳವೆಯೂ ಒಳಚರಂಡಿಯೂ ಹತ್ತಿರ ಹತ್ತಿರ ಸಾಗುತ್ತವೆ. ನೀರು ದಿನಬಿಟ್ಟು ದಿನ ಬರುವ ಕಡೆ, ವಾಲ್ವ್ ಮುಚ್ಚಿದ ಹೊತ್ತಿನಲ್ಲಿ ಕೊಳವೆಯೊಳಗಿನ ಒತ್ತಡ ಇಳಿದು, ಸುತ್ತಲಿನ ಹೊಲಸು ನೀರು ಬಿರುಕಿನ ಮೂಲಕ ಒಳಗೆ ಹೀರಲ್ಪಡುತ್ತದೆ. ಮತ್ತೆ ನೀರು ಬಿಟ್ಟಾಗ ಮೊದಲ ಕೊಡಕ್ಕೆ ಅದು ಬರುತ್ತದೆ. ಆದ್ದರಿಂದ ಈ ದೂರಿಗೆ ವಿಧಾನ ಹೀಗಿರಲಿ: ದೂರು ಬಂದ ಕೂಡಲೇ ಆ ಬೀದಿಯ ಮನೆಗಳಿಗೆ ಕುಡಿಯಬೇಡಿ ಎಂಬ ಸೂಚನೆ, ಅದೇ ದಿನ ಮಾದರಿ ಸಂಗ್ರಹ, ಟ್ಯಾಂಕರ್ ವ್ಯವಸ್ಥೆ, ಬಿರುಕು ಪತ್ತೆ, ದುರಸ್ತಿ, ಕೊಳವೆ ತೊಳೆತ, ಮರುಪರೀಕ್ಷೆ. ಮರುಪರೀಕ್ಷೆಯ ಫಲಿತಾಂಶ ಬರುವವರೆಗೆ ದೂರನ್ನು ಮುಕ್ತಾಯ ಎಂದು ಬರೆಯಕೂಡದು.

ದೂರನ್ನು ಮುಚ್ಚುವ ಅಧಿಕಾರ ಯಾರದು ಎಂಬುದು ಸಣ್ಣ ಪ್ರಶ್ನೆಯಂತೆ ಕಾಣುತ್ತದೆ. ದುರಸ್ತಿ ಮಾಡಿದವರೇ ಮುಚ್ಚಿದರೆ ಎಲ್ಲವೂ ಸಕಾಲಕ್ಕೆ ಮುಗಿದಿರುತ್ತದೆ. ದೂರು ಕೊಟ್ಟವರಿಗೆ ಫೋನು ಮಾಡಿ, ಅವರು ಒಪ್ಪಿದ ಮೇಲಷ್ಟೇ ಇನ್ನೊಬ್ಬರು ಮುಚ್ಚುವ ಪದ್ಧತಿ ಇಟ್ಟರೆ ಅಂಕಿ ಕೆಲವು ತಿಂಗಳು ಅಸಹ್ಯವಾಗಿ ಕಾಣುತ್ತದೆ, ಆದರೆ ಅದು ನಿಜವಾದ ಅಂಕಿ. ಒಂದೇ ಬೀದಿಯಿಂದ ಒಂದೇ ದೂರು ಮೂರನೆಯ ಸಲ ಬಂದರೆ ಅದನ್ನು ದುರಸ್ತಿಯ ಪಟ್ಟಿಯಿಂದ ತೆಗೆದು ಮೂಲಕಾರಣ ತನಿಖೆಗೆ ಹಾಕಿ.

ನಾಗರಿಕರ ತೃಪ್ತಿಯನ್ನು ಅಳೆಯುವ ವಿಷಯದಲ್ಲಿ ಬೆಂಗಳೂರು ಬೇರೆಯವರಿಂದ ಕಲಿಯಬೇಕಾಗಿಲ್ಲ. ಸ್ಯಾಮ್ಯುಯೆಲ್ ಪಾಲ್ ಅವರ ನೇತೃತ್ವದಲ್ಲಿ 1990ರ ದಶಕದ ಆರಂಭದಲ್ಲೇ ಇಲ್ಲಿನ ಸಾರ್ವಜನಿಕ ಸಂಸ್ಥೆಗಳಿಗೆ ನಾಗರಿಕರಿಂದ ಅಂಕ ಕೊಡಿಸಿದ ವರದಿ ಪಟ್ಟಿ ಹೊರಬಂದಿತು. ಆ ಬಳಿಕ ಪಬ್ಲಿಕ್ ಅಫೇರ್ಸ್ ಸೆಂಟರ್ 1999 ಮತ್ತು 2003ರಲ್ಲಿ ಅದನ್ನು ಮತ್ತೆ ನಡೆಸಿತು. "ತೃಪ್ತಿಯಿದೆಯೇ" ಎಂಬ ಪ್ರಶ್ನೆಯೊಂದರಿಂದ ಏನೂ ತಿಳಿಯುವುದಿಲ್ಲ, ಎದುರಿಗೆ ನಿಂತವರಿಗೆ ಬೇಸರವಾಗದಿರಲೆಂದು ಜನ "ಹೂಂ" ಎನ್ನುತ್ತಾರೆ. ಎಷ್ಟು ಸಲ ಬಂದಿರಿ, ಯಾವ ಮೇಜಿನಲ್ಲಿ ಹಿಂದಕ್ಕೆ ಕಳುಹಿಸಿದರು, ರಸೀದಿಯಿಲ್ಲದೆ ಏನಾದರೂ ಕೊಟ್ಟಿರಾ, ಸಮಸ್ಯೆ ನಿಜಕ್ಕೂ ಬಗೆಹರಿಯಿತೇ ಎಂದು ಕೇಳಿ. ಕೇಳುವವರು ಆ ಕಚೇರಿಯವರಾಗಿರದಿರಲಿ.

ಹೆಜ್ಜೆ 7: ಅಳೆಯುವ ಸಾಧನ ಮತ್ತು ಗುತ್ತಿಗೆದಾರರು

ಬಹಳ ಕಚೇರಿಗಳು ಮುಗ್ಗರಿಸುವುದು ಇಲ್ಲಿ. ನೀರಿನಲ್ಲಿ ಕ್ಲೋರಿನ್ ಇದೆ ಎಂದು ವಹಿಯಲ್ಲಿ ಬರೆದಿರುತ್ತದೆ, ಆದರೆ ಅದನ್ನು ಅಳೆದ ಕಿಟ್ಟಿನ ರಾಸಾಯನಿಕದ ಅವಧಿ ಮುಗಿದು ವರ್ಷವಾಗಿರುತ್ತದೆ. ಐಎಸ್ 10500ರ ಪ್ರಕಾರ ಉಳಿಕೆ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಪಿಎಚ್ 6.5ರಿಂದ 8.5ರೊಳಗೆ ಇರಬೇಕು. ಕರಗಿದ ಘನವಸ್ತು 500 ಮಿಲಿಗ್ರಾಂವರೆಗೆ ಸ್ವೀಕಾರಾರ್ಹ, ಬೇರೆ ಮೂಲವಿಲ್ಲದಾಗ 2000ದವರೆಗೆ ಅನುಮತಿಸಬಹುದು. ನೈಟ್ರೇಟ್ 45 ಮಿಲಿಗ್ರಾಂ ಮೀರಕೂಡದು. 100 ಮಿಲಿಲೀಟರ್ ಮಾದರಿಯಲ್ಲಿ ಇ. ಕೋಲಿ ಬ್ಯಾಕ್ಟೀರಿಯಾ ಕಾಣಲೇಕೂಡದು. ಕ್ಲೋರಿನ್ ಪರೀಕ್ಷೆ ಬೀದಿಯ ತುದಿಯ ಮನೆಯಲ್ಲಿ ನಡೆಯಬೇಕು, ಜಲಸಂಗ್ರಹಾಗಾರದ ಬಳಿ ಅಲ್ಲ, ಏಕೆಂದರೆ ಕ್ಲೋರಿನ್ ದಾರಿಯುದ್ದಕ್ಕೂ ಕಡಿಮೆಯಾಗುತ್ತ ಹೋಗುತ್ತದೆ. ಪೂರ್ಣ ಪರೀಕ್ಷೆಗೆ ಪ್ರಯೋಗಾಲಯಗಳ ಮಾನಕವಾದ ಐಎಸ್‌ಒ 17025ರಂತೆ ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಪಡೆದ ಪ್ರಯೋಗಾಲಯವನ್ನೇ ಬಳಸಿ, ಅದರ ಮಾನ್ಯತೆ ನಿಮಗೆ ಬೇಕಾದ ಪರೀಕ್ಷೆಗೂ ಇದೆಯೇ ಎಂದು ಪಟ್ಟಿಯಲ್ಲಿ ನೋಡಿ. ದೊಡ್ಡ ಹರಿವಿನ ಮೀಟರುಗಳಿಗೆ ಮಾಪನಾಂಕ ನಿರ್ಣಯದ (ಮೀಟರ್ ಸರಿಯಾಗಿ ಅಳೆಯುತ್ತಿದೆಯೇ ಎಂಬ ತಪಾಸಣೆಯ) ದಿನಾಂಕ ಬರೆದ ಚೀಟಿ ಅಂಟಿರಬೇಕು.

ಕೊಳವೆ ಅಗೆಯುವವರು, ಟ್ಯಾಂಕರಿನವರು, ಮೀಟರ್ ಓದುವವರು ಗುತ್ತಿಗೆಯವರಾದರೂ ಪ್ರಮಾಣಪತ್ರದ ಹೊಣೆ ಕಚೇರಿಯದೇ. ಟೆಂಡರಿನ ಷರತ್ತಿನಲ್ಲೇ ಗುಂಡಿ ಮುಚ್ಚುವ ಗಡುವು, ಸುರಕ್ಷತಾ ಸಾಮಗ್ರಿ, ಆಳುಗುಂಡಿಗೆ ಮನುಷ್ಯರನ್ನು ಇಳಿಸಬಾರದೆಂಬ ಕಾನೂನಿನ ನಿಷೇಧ ಸ್ಪಷ್ಟವಾಗಿರಲಿ.

ಹೆಜ್ಜೆ 8: ಆಂತರಿಕ ಆಡಿಟ್

ಹೊರಗಿನವರು ಬರುವ ಮುನ್ನ ಒಂದು ಪೂರ್ಣ ಸುತ್ತು ಆಂತರಿಕ ಆಡಿಟ್ ಮತ್ತು ಒಂದು ಆಡಳಿತ ಪರಿಶೀಲನಾ ಸಭೆ ನಡೆದಿರಬೇಕು. ತಮ್ಮ ಕೆಲಸವನ್ನು ತಾವೇ ಆಡಿಟ್ ಮಾಡುವಂತಿಲ್ಲ, ಆದ್ದರಿಂದ ಪಕ್ಕದ ಉಪವಿಭಾಗದವರೊಡನೆ ಅದಲುಬದಲು ಮಾಡಿಕೊಳ್ಳಿ. ಆಡಿಟ್ ವರದಿಯಲ್ಲಿ ಒಂದೂ ಲೋಪ ಸಿಗದಿದ್ದರೆ ಹಿಗ್ಗಬೇಡಿ, ಇನ್ನೊಬ್ಬರನ್ನು ಕಳುಹಿಸಿ.

ಹೆಜ್ಜೆ 9: ಪ್ರಮಾಣೀಕರಣ ಸಂಸ್ಥೆ ಮತ್ತು ಅಂತಿಮ ಆಡಿಟ್

ಐಎಸ್ 15700ಕ್ಕೆ ಭಾರತೀಯ ಮಾನಕ ಬ್ಯೂರೋ ತಾನೇ ಪ್ರಮಾಣೀಕರಣ ಕೊಡುತ್ತದೆ, ಬೆಂಗಳೂರಿನಲ್ಲಿ ಅದರ ಶಾಖಾ ಕಚೇರಿ ಪೀಣ್ಯದಲ್ಲಿದೆ. 9001ಕ್ಕೆ ಖಾಸಗಿ ಸಂಸ್ಥೆಗಳೂ ಇವೆ. ಆಯ್ಕೆ ಮಾಡುವಾಗ ಅದಕ್ಕೆ ಎನ್‌ಎಬಿಸಿಬಿ (ಪ್ರಮಾಣೀಕರಣ ಸಂಸ್ಥೆಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಅಥವಾ ಅಂತರರಾಷ್ಟ್ರೀಯ ಮನ್ನಣೆಯುಳ್ಳ ಇನ್ನೊಂದು ಮಂಡಳಿಯ ಮಾನ್ಯತೆ ಇದೆಯೇ, ಆ ಮಾನ್ಯತೆ ಸಾರ್ವಜನಿಕ ಆಡಳಿತದ ಕ್ಷೇತ್ರಕ್ಕೂ ಅನ್ವಯಿಸುತ್ತದೆಯೇ ಎಂದು ಪರಿಶೀಲಿಸಿ. ಮೂರು ದಿನದಲ್ಲಿ, ಕಚೇರಿಗೆ ಬಾರದೆ, ಕೊರಿಯರಿನಲ್ಲಿ ಪ್ರಮಾಣಪತ್ರ ಕಳುಹಿಸುತ್ತೇವೆ ಎನ್ನುವವರ ಬಳಿ ಇರುವುದು ಒಳ್ಳೆಯ ಮುದ್ರಣ ಯಂತ್ರ ಮಾತ್ರ. ಸಿದ್ಧತೆಗೆ ಸಲಹೆ ಕೊಟ್ಟ ಸಂಸ್ಥೆಯೇ ಪ್ರಮಾಣಪತ್ರವನ್ನೂ ಕೊಡುವಂತಿಲ್ಲ ಎಂಬುದನ್ನು ಟೆಂಡರ್ ಕರೆಯುವಾಗಲೇ ನೆನಪಿಡಿ. ಅತಿ ಕಡಿಮೆ ದರಕ್ಕೆ ಕೊಡುವ ನಮ್ಮ ಖರೀದಿ ಪದ್ಧತಿ ಇಲ್ಲಿ ಕೈಕೊಡುವುದರಿಂದ, ಆಡಿಟ್‌ಗೆ ಎಷ್ಟು ಮಾನವ ದಿನ ವ್ಯಯಿಸಬೇಕು ಎಂಬುದನ್ನು ಷರತ್ತಿನಲ್ಲಿ ಸೇರಿಸಿ.

ಆಡಿಟ್ ಎರಡು ಹಂತದಲ್ಲಿ ನಡೆಯುತ್ತದೆ. ಮೊದಲ ಹಂತದಲ್ಲಿ ದಾಖಲೆ ಮತ್ತು ಸಿದ್ಧತೆಯನ್ನು ನೋಡುತ್ತಾರೆ, ಎರಡನೆಯದರಲ್ಲಿ ಬರೆದದ್ದು ನಡೆಯುತ್ತಿದೆಯೇ ಎಂದು ಕೌಂಟರಿನಲ್ಲೂ ಬೀದಿಯಲ್ಲೂ ನಿಂತು ನೋಡುತ್ತಾರೆ. ಸಿಬ್ಬಂದಿಗೆ ಉತ್ತರ ಬಾಯಿಪಾಠ ಮಾಡಿಸಬೇಡಿ. "ಗೊತ್ತಿಲ್ಲ, ಈ ವಹಿಯಲ್ಲಿ ನೋಡಿ ಹೇಳುತ್ತೇನೆ" ಎಂಬ ಉತ್ತರ ಆಡಿಟ್‌ನಲ್ಲಿ ಒಳ್ಳೆಯ ಉತ್ತರವೇ. ಲೋಪಗಳು ದೊಡ್ಡವು, ಸಣ್ಣವು ಎಂದು ಎರಡು ಬಗೆ. ಸಣ್ಣದಕ್ಕೆ ಸರಿಪಡಿಸುವ ಯೋಜನೆ ಒಪ್ಪಿಗೆಯಾದರೆ ಸಾಕು. ದೊಡ್ಡದನ್ನು ಸರಿಪಡಿಸಿ ತೋರಿಸುವವರೆಗೆ ಪ್ರಮಾಣಪತ್ರವಿಲ್ಲ, ಆರು ತಿಂಗಳೊಳಗೆ ಅದು ಖಚಿತವಾಗದಿದ್ದರೆ ಎರಡನೆಯ ಹಂತವನ್ನೇ ಮತ್ತೆ ನಡೆಸಬೇಕಾಗುತ್ತದೆ.

ಪತ್ರ ಬಂದ ಮೇಲೆ

ಐಎಸ್‌ಒ 9001 ಪ್ರಮಾಣಪತ್ರದ ಅವಧಿ ಮೂರು ವರ್ಷ, ನಡುವೆ ವರ್ಷಕ್ಕೊಮ್ಮೆ ಕಣ್ಗಾವಲು ಆಡಿಟ್ ಇರುತ್ತದೆ. ಆ ಆಡಿಟ್‌ನ ಶುಲ್ಕವನ್ನು ವಾರ್ಷಿಕ ಬಜೆಟ್ಟಿನಲ್ಲಿ ಮೊದಲೇ ಸೇರಿಸದೆ ಪತ್ರ ಅಮಾನತಾಗುವುದು ಸರ್ಕಾರಿ ಕಚೇರಿಗಳಿಗೇ ವಿಶಿಷ್ಟವಾದ ಅಪಾಯ.

ಅದಕ್ಕಿಂತ ದೊಡ್ಡ ಅಪಾಯ ವರ್ಗಾವಣೆ. ಆಸಕ್ತಿಯಿಂದ ಕೆಲಸ ಮಾಡಿದ ಸಹಾಯಕ ಕಾರ್ಯಪಾಲಕ ಎಂಜಿನಿಯರ್ ಬೇರೆಡೆಗೆ ಹೋದ ಆರು ತಿಂಗಳಲ್ಲಿ ವಹಿಗಳು ಖಾಲಿಯಾಗುವುದನ್ನು ನೋಡಿದ್ದೇನೆ. ಪ್ರಭಾರ ವಹಿಸಿಕೊಡುವ ಪತ್ರದಲ್ಲಿ ನಗದು, ದಾಸ್ತಾನು, ಕಡತಗಳ ಜೊತೆಗೆ ಬಾಕಿ ಲೋಪಗಳ ಪಟ್ಟಿ, ಮುಂದಿನ ಆಡಿಟ್ ದಿನಾಂಕ ಮತ್ತು ವಾಲ್ವ್ ನಕ್ಷೆಯನ್ನೂ ಕಡ್ಡಾಯ ಅಡಕಗಳಾಗಿ ಸೇರಿಸಿ, ಹೊಸಬರು ಸಹಿ ಹಾಕುವಂತೆ ಮಾಡಿ. ಗುಣಮಟ್ಟದ ದಾಖಲೆಗಳ ದಿನನಿತ್ಯದ ಹೊಣೆ ಬೇಗ ವರ್ಗವಾಗದ ವಿಷಯ ನಿರ್ವಾಹಕರೊಬ್ಬರ ಬಳಿ ಇರಲಿ.

ಪ್ರಮಾಣಪತ್ರವನ್ನು ಅಧಿಕಾರಿಯ ಕುರ್ಚಿಯ ಹಿಂದೆ ತೂಗುಹಾಕುವುದರ ಬದಲು ಕೌಂಟರಿನ ಪಕ್ಕದಲ್ಲಿ, ಓದಲಾಗುವ ಎತ್ತರದಲ್ಲಿ, ವ್ಯಾಪ್ತಿ ಮತ್ತು ಅವಧಿಯ ಕನ್ನಡ ಅನುವಾದದೊಡನೆ ಇಡಿ. ಅದರ ಕೆಳಗೆ ಪ್ರತಿ ತಿಂಗಳ 5ನೆಯ ತಾರೀಖಿನೊಳಗೆ ಒಂದು ಹಾಳೆ ಅಂಟಿಸಿ: ಹಿಂದಿನ ತಿಂಗಳು ಬಂದ ಅರ್ಜಿ, ಸನ್ನದಿನ ಗಡುವಿನೊಳಗೆ ಮುಗಿದದ್ದು, ಮೀರಿದ್ದು, ತಿರಸ್ಕೃತವಾದದ್ದು, ಮೂರನೆಯ ಸಲ ಬಂದ ದೂರುಗಳ ಬೀದಿಗಳ ಹೆಸರು. ವಾರ್ಡ್ ಸಮಿತಿಯ ಸಭೆಗೂ ಅದೇ ಹಾಳೆಯ ಪ್ರತಿ ಹೋಗಲಿ.